ಲೇಬಲ್ಲಿನಿಂದ ತೆಗೆದ ಸಾಲು

ಕೋಲ್ಕತ್ತಾ
9 ಜೂನ್ 2024

ಪ್ರೀತಿಯ ಅಪ್ಪಾ,

ತಿಂಗಳಿಗೊಂದು ಕಾಗದ, ಅದೂ ಕೈಯಲ್ಲಿ, ಅದೂ ಕನ್ನಡದಲ್ಲಿ ಅಂತ ನೀವು ಹಾಕಿದ ಕರಾರು ಮುರಿದಿಲ್ಲ. ಒಂಬತ್ತು ದಿನ ತಡ ಅಷ್ಟೆ. ಕಾಶಿಯಲ್ಲಿ ಹುಟ್ಟಿ ಹಿಂದಿಯಲ್ಲೇ ಬೆಳೆದ ಹುಡುಗಿಗೆ ಇಷ್ಟಾದರೂ ಬರುತ್ತಲ್ಲ ಅಂತ ಕಾಗುಣಿತದ ತಪ್ಪು ಕ್ಷಮಿಸಿ.

"ಆ ಕಂಪನಿಯಲ್ಲಿ ನೀನು ಮಾಡೋದಾದರೂ ಏನು" ಅಂತ ಭಾನುವಾರ ಫೋನಿನಲ್ಲಿ ಕೇಳಿದಿರಿ. ಅಷ್ಟರಲ್ಲಿ ಅಮ್ಮ ಫೋನ್ ಇಸಿದುಕೊಂಡಳು. ಈಗ ಹೇಳ್ತೀನಿ.

ನಾವು ಚೀನಾದ ಬೇರು, ತೊಗಟೆ, ಅಣಬೆ ತರಿಸಿ ಗುಳಿಗೆ ಮಾಡಿ ಮಾರ್ತೀವಿ. ಅಲ್ಲಿ ಇವು ಸಾವಿರಾರು ವರ್ಷದಿಂದ ಔಷಧಿ. ಇಲ್ಲಿ ಔಷಧಿ ಅಂತ ಮಾರೋ ಹಾಗಿಲ್ಲ. ಆಯುರ್ವೇದದ ಲೈಸೆನ್ಸ್ ಬೇಕು ಅಂದ್ರೆ ನಮ್ಮ ಗ್ರಂಥಗಳಲ್ಲಿ ಆ ಬೇರಿನ ಹೆಸರಿರಬೇಕು, ಇಲ್ಲ. ಡಾಕ್ಟರ್ ಬರೆದುಕೊಡೋ ಔಷಧಿ ಅನ್ನಿಸಿಕೊಳ್ಳಬೇಕು ಅಂದ್ರೆ ವರ್ಷಗಟ್ಟಲೆ ಪರೀಕ್ಷೆ. ಉಳಿದಿರೋ ಬಾಗಿಲು ಒಂದೇ, ಆಹಾರ ಪೂರಕ. ಕಾನೂನಿನ ಲೆಕ್ಕದಲ್ಲಿ ನಮ್ಮ ಗುಳಿಗೆ ಪ್ರೋಟೀನ್ ಪುಡಿಯ ತಮ್ಮ. "ಮಂಡಿ ನೋವಿಗೆ" ಅಂತ ಬರೆದರೆ ತಪ್ಪು, "ಕೀಲುಗಳ ಆರೋಗ್ಯಕ್ಕೆ ಪೂರಕ" ಅಂತ ಬರೆದರೆ ಸರಿ. ಆ ಲೇಬಲ್ ಬರೆಯೋದು, ಸರ್ಕಾರಕ್ಕೆ ಹೋಗೋ ಫೈಲ್ ತಯಾರಿಸೋದು ನನ್ನ ಕೆಲಸ.

ಈಗ ಮಾಡ್ತಿರೋ ಗುಳಿಗೆಯ ಪಾಕ ಹೇಳಿಕೊಟ್ಟವರು ಲಿಯಾವ್ ಅಂತ ಚೀನೀ ವೈದ್ಯರು. ಹುಟ್ಟಿದ್ದು ಕೋಲ್ಕತ್ತಾದಲ್ಲೇ, ವಯಸ್ಸು ಎಪ್ಪತ್ತೊಂಬತ್ತು. ಎಲ್ಲರೂ ದಾದೂ, ಅಂದ್ರೆ ಅಜ್ಜ, ಅಂತಾರೆ. ಹಳೇ ಚೀನೀ ಪೇಟೆಯಲ್ಲಿ ಅವರ ಅಂಗಡಿ, ಗೋಡೆ ತುಂಬ ಮರದ ಡ್ರಾಯರುಗಳು. ಯಾರೇ ಬಂದರೂ ನಾಡಿ ಹಿಡಿದು, ನಾಲಿಗೆ ನೋಡಿ, ಆಮೇಲೆ ಅರ್ಧ ಗಂಟೆ ಪ್ರಶ್ನೆ ಕೇಳ್ತಾರೆ. ಮೊನ್ನೆ ಒಬ್ಬರನ್ನು ಏನೂ ಕೊಡದೆ ವಾಪಸ್ ಕಳಿಸಿದರು. "ಇವರಿಗೆ ನನ್ನ ಬೇರು ಬೇಡ, ಆಸ್ಪತ್ರೆ ಬೇಕು" ಅಂದರು. ನಿಮ್ಮ ನೆನಪಾಯಿತು.

ಅಮ್ಮನ ಮಂಡಿ ಹೇಗಿದೆ?

ನಿಮ್ಮ
ಅಕ್ಷರಾ


ಶಿವಾಲ, ಕಾಶಿ
24 ಜೂನ್ 2024

ಚಿರಂಜೀವಿ ಅಕ್ಷರಾ,

ಕಾಗದ ತಲುಪಿತು. ತಪ್ಪು ಮೂರೇ ಇವೆ, ಕಳೆದ ಸಲ ಏಳಿದ್ದವು.

ನಿಮ್ಮ ತಾಯಿಯ ಮಂಡಿ ಹಾಗೇ ಇದೆ. ಕೇದಾರ ಘಾಟಿನ ಮೆಟ್ಟಿಲು ಇಳಿಯುವುದನ್ನು ಬಿಟ್ಟು ಎರಡು ತಿಂಗಳಾಯಿತು. ಇಲ್ಲಿಯವರ ಲೆಕ್ಕಕ್ಕೆ ಆಷಾಢ ಹಿಡಿದದ್ದರಿಂದ ನಮ್ಮ ಛತ್ರದಲ್ಲಿ ಯಾತ್ರಿಕರು ಕಡಿಮೆ. ಛತ್ರದಲ್ಲಿ ನಾನು ನೋಡಿಕೊಳ್ಳುವ ದವಾಖಾನೆಗೆ ಮಾತ್ರ ಓಣಿಯ ಜನ ಬರುತ್ತಲೇ ಇದ್ದಾರೆ. ಸುಜಯ್ ಡಾಕ್ಟರು ಎಂದಿನಂತೆ ಮಂಗಳವಾರ, ಶುಕ್ರವಾರ ಆಸ್ಪತ್ರೆಯ ಕೆಲಸ ಮುಗಿಸಿ ಬರುತ್ತಾರೆ. ಅವರು ಬರೆದದ್ದನ್ನು ನಾನು ಕಟ್ಟಿಕೊಡುತ್ತೇನೆ. ಮೂವತ್ತೊಂದು ವರ್ಷದಿಂದ ಮಾಡುತ್ತಿರುವುದು ಇದನ್ನೇ. ಅವರು ಬರೆಯದ್ದನ್ನು ನಾನು ಕೊಟ್ಟದ್ದಿಲ್ಲ.

ನಿನ್ನ ಕೆಲಸ ಅರ್ಥವಾಯಿತು, ಆದರೆ ಪೂರ್ತಿ ಸಮಾಧಾನವಾಗಲಿಲ್ಲ. ಔಷಧಿಯನ್ನು ಊಟವೆಂದು ಹೇಳಿ ಒಳಗೆ ಬಿಡಿಸಿಕೊಳ್ಳುವುದಾದರೆ, ತಿನ್ನುವವನೂ ಊಟವೆಂದೇ ತಿನ್ನುತ್ತಾನಲ್ಲ? ಸಿಟ್ಟಿನಿಂದ ಕೇಳುತ್ತಿಲ್ಲ, ತಿಳಿಯದೆ ಕೇಳುತ್ತಿದ್ದೇನೆ.

ಛತ್ರದ ಅಡುಗೆಮನೆಯ ಬಸವಣ್ಣೆಮ್ಮ ನಿನ್ನನ್ನು ವಿಚಾರಿಸುತ್ತಾಳೆ. "ಅಕ್ಷರಾ ಅಲ್ಲಿ ರೊಟ್ಟಿ ಇಲ್ದ ಹೆಂಗ ಇರ್ತಾಳೋ" ಅನ್ನುತ್ತಿದ್ದಳು. ಅವಳಿಗೂ ಮಂಡಿ ನೋವು. ದಿನಕ್ಕೆ ನೂರು ರೊಟ್ಟಿ ಬಡಿಯುವವಳಿಗೆ ಬಾರದೆ ಇರುತ್ತದೆಯೇ.

ಆಶೀರ್ವಾದಗಳೊಂದಿಗೆ
ದಾನಯ್ಯ


ಕೋಲ್ಕತ್ತಾ
18 ಆಗಸ್ಟ್ 2024

ಅಪ್ಪಾ,

ಜುಲೈ ಕಾಗದ ತಪ್ಪಿತು. ಫೈಲಿನ ಕೆಲಸ ಅಷ್ಟಿತ್ತು. ಶುಕ್ರವಾರ ಅನುಮತಿ ಬಂತು. ನಮ್ಮ ಮ್ಯಾನೇಜರ್ ಓಂಕಾರ್ ಇಡೀ ಆಫೀಸಿಗೆ ಸಂದೇಶ್ ಮಿಠಾಯಿ ಹಂಚಿದರು. ನನ್ನನ್ನು ಎದ್ದು ನಿಲ್ಲಿಸಿ, ಮೊದಲ ಸಲಕ್ಕೇ ಒಂದು ಆಕ್ಷೇಪಣೆಯೂ ಇಲ್ಲದೆ ಪಾಸಾದ ಫೈಲ್ ಇದು ಅಂತ ಎಲ್ಲರೆದುರು ಹೇಳಿದರು. ಖುಷಿಯಾಯಿತು.

ಲಿಯಾವ್ ದಾದೂನೂ ಬಂದಿದ್ದರು. ಡಬ್ಬಿ ಕೈಗೆ ತೆಗೆದುಕೊಂಡು ಲೇಬಲ್ ಸುತ್ತಲೂ ತಿರುಗಿಸಿ ನೋಡಿ, ಮೇಜಿನ ಮೇಲಿಟ್ಟು, ಸಿಹಿ ಮುಟ್ಟದೆ ಹೊರಟರು. ವಯಸ್ಸಾದವರು, ಏನೋ ಬೇಸರ ಇರಬೇಕು.

ಅಮ್ಮನಿಗೆ ನಾಲ್ಕು ಡಬ್ಬಿ ಕಳಿಸ್ತಿದ್ದೀನಿ. ಊಟ ಆದ ಮೇಲೆ ದಿನಕ್ಕೆರಡು. ಒಂದು ತಿಂಗಳಲ್ಲಿ ಗೊತ್ತಾಗುತ್ತೆ ಅಂತ ದಾದೂ ಹೇಳ್ತಾರೆ. ಅವರ ಕೈಯಲ್ಲಿ ವಾಸಿಯಾದ ಎಷ್ಟೋ ಜನರನ್ನ ನಾನೇ ನೋಡಿದ್ದೀನಿ. ನಿಮಗೆ ನಂಬಿಕೆ ಬರದಿದ್ದರೂ ಒಮ್ಮೆ ಕೊಟ್ಟು ನೋಡಿ.

ನಿಮ್ಮ
ಅಕ್ಷರಾ


ಶಿವಾಲ, ಕಾಶಿ
30 ಸೆಪ್ಟೆಂಬರ್ 2024

ಅಕ್ಷರಾ,

ಇದನ್ನು ಫೋನಿನಲ್ಲಿ ಹೇಳಲು ಆಗಲಿಲ್ಲ. ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ.

ನೀನು ಕಳಿಸಿದ ಡಬ್ಬಿಗಳಲ್ಲಿ ಎರಡನ್ನು ನಿಮ್ಮ ತಾಯಿಗೆ ಇಟ್ಟುಕೊಂಡು, ಎರಡನ್ನು ಬಸವಣ್ಣೆಮ್ಮನಿಗೆ ಕೊಟ್ಟೆ. ಆಗಸ್ಟ್ ಇಪ್ಪತ್ತೆಂಟರಂದು. ನಿಮ್ಮ ತಾಯಿಗೆ ಒಗ್ಗಿತು, ಈಗ ಮೆಟ್ಟಿಲು ಇಳಿಯುತ್ತಾಳೆ. ಬಸವಣ್ಣೆಮ್ಮನೂ ಮಂಡಿ ಹಗುರಾಗಿದೆ ಅನ್ನುತ್ತಿದ್ದಳು. ಈ ತಿಂಗಳ ಮಧ್ಯದಲ್ಲಿ ಹಲ್ಲುಜ್ಜುವಾಗ ವಸಡಿನಿಂದ ರಕ್ತ ಬರುತ್ತದೆ ಅಂದಳು. ಉಪ್ಪುನೀರು ಮುಕ್ಕಳಿಸು ಅಂದೆ. ತೋಳಿನ ಮೇಲೆ ನೀಲಿ ಕಲೆಗಳಿದ್ದವು, ನೀರಿನ ಕೊಡ ತಗಲಿರಬೇಕು ಅಂದಳು, ನಂಬಿದೆ. ಇಪ್ಪತ್ತೊಂದರ ಮುಂಜಾನೆ ಕಾವಲಿಯ ಮುಂದೆ ಕುಳಿತವಳು ಮಾತು ತೊದಲಿ ಬಲಕ್ಕೆ ವಾಲಿದಳು.

ಸುಜಯ್ ಡಾಕ್ಟರ ಆಸ್ಪತ್ರೆಗೇ ಸೇರಿಸಿದೆವು. ತಲೆಯೊಳಗೆ ರಕ್ತ ಜಿನುಗಿದೆ. ಆರು ವರ್ಷದ ಹಿಂದೆ ಅವಳ ಹೃದಯಕ್ಕೆ ಲೋಹದ ಕವಾಟ ಹಾಕಿದ್ದು ನಿನಗೆ ನೆನಪಿರಬಹುದು. ಆಗಿನಿಂದ ರಕ್ತ ಹೆಪ್ಪುಗಟ್ಟದಂತೆ ದಿನಾ ಒಂದು ಗುಳಿಗೆ ತೆಗೆದುಕೊಳ್ಳುತ್ತಾಳೆ. ಅದರ ಪ್ರಮಾಣ ಸರಿಯಿದೆಯೇ ಎಂದು ನೋಡುವ ಒಂದು ರಕ್ತಪರೀಕ್ಷೆ ಇದೆ. ಅವಳದ್ದು ಯಾವಾಗಲೂ ಮೂರರ ಆಸುಪಾಸು ಇರುತ್ತಿತ್ತು. ಆ ದಿನ ಒಂಬತ್ತಿತ್ತು, ರಕ್ತ ಅಷ್ಟು ತೆಳುವಾಗಿತ್ತು.

ಸುಜಯ್ ಡಾಕ್ಟರು ಹೊರಗೆ ಬಂದು, "ದಾನಯ್ಯನವರೇ, ಇವರು ಹೊಸದಾಗಿ ಏನಾದರೂ ತಗೊಳ್ತಾ ಇದ್ದರಾ?" ಎಂದು ಕೇಳಿದರು. ಔಷಧಿ ಏನೂ ಇಲ್ಲ ಅಂದೆ. ಆಮೇಲೆ ಮನೆಗೆ ಹೋಗಿ ಡಬ್ಬಿ ತಂದು ತೋರಿಸಿದೆ. ಅವರು ಬೇರುಗಳ ಹೆಸರು ಓದಿದರು. ಒಂದರ ಮೇಲೆ ಬೆರಳಿಟ್ಟು, ಈ ಕೆಂಪು ಬೇರು ಆ ಗುಳಿಗೆಯ ಬಲವನ್ನು ಎರಡು ಮೂರು ಪಟ್ಟು ಏರಿಸುತ್ತದೆ, ಇದು ಹಳೆಯ ವಿಷಯ, ಬರೆದಿಟ್ಟಿದ್ದಾರೆ ಅಂದರು.

ಅವಳು ಬದುಕಿದ್ದಾಳೆ. ಬಲಗೈ ಏಳುತ್ತಿಲ್ಲ.

ಕೊಡುವ ಮೊದಲು ಲೇಬಲನ್ನು ನಾನು ಎರಡು ಸಲ ಓದಿದ್ದೆ. ಆಹಾರ ಪೂರಕ, ಔಷಧೀಯ ಬಳಕೆಗಲ್ಲ, ಮಕ್ಕಳ ಕೈಗೆ ಸಿಗದಂತೆ ಇಡಿ ಎಂದಿತ್ತು. ಬೇರೇನೂ ಇರಲಿಲ್ಲ.

ದಾನಯ್ಯ


ಕೋಲ್ಕತ್ತಾ
6 ಅಕ್ಟೋಬರ್ 2024

ಅಪ್ಪಾ,

ಕಾಗದ ಓದಿದೆ. ಬಸವಣ್ಣೆಮ್ಮ ಈಗ ಮಾತಾಡ್ತಾರಾ? ಕೈಗೆ ವ್ಯಾಯಾಮ ಮಾಡಿಸಿದರೆ ಬರುತ್ತೆ ಅಂತ ಓದಿದೆ. ಮೊದಲ ಮೂರು ತಿಂಗಳು ಮುಖ್ಯವಂತೆ. ದಯವಿಟ್ಟು ಬಿಡದೆ ಮಾಡಿಸಿ.

ಆಫೀಸಿನಲ್ಲಿ ಹೇಳಿದ್ದೀನಿ. ಕಂಪನಿಯವರು ಪರಿಶೀಲಿಸ್ತಾರೆ. ಲಕ್ಷದಲ್ಲಿ ಒಬ್ಬರಿಗೆ ಹೀಗೆ ಆಗಬಹುದು, ಇದರಿಂದಲೇ ಆಯಿತು ಅಂತ ಹೇಳೋಕಾಗಲ್ಲ ಅಂತ ಓಂಕಾರ್ ಹೇಳ್ತಾರೆ.

ಐದು ಸಲ ಫೋನ್ ಮಾಡಿದೆ. ಪ್ರತಿ ಸಲ ಅಮ್ಮನೇ ಎತ್ತಿದಳು. "ಅಪ್ಪ ಊಟಕ್ಕೆ ಕೂತಾರ" ಅಂದಳು, ಬೆಳಿಗ್ಗೆ ಹನ್ನೊಂದಕ್ಕೆ.

ಅಕ್ಷರಾ


ಶಿವಾಲ, ಕಾಶಿ
19 ಅಕ್ಟೋಬರ್ 2024

ಅಕ್ಷರಾ,

ಬಸವಣ್ಣೆಮ್ಮನನ್ನು ಛತ್ರಕ್ಕೆ ಕರೆತಂದಿದ್ದೇವೆ. ಮಾತು ಬರುತ್ತದೆ. ಬಲಗೈಯಲ್ಲಿ ಲೋಟ ಹಿಡಿಯಲಾಗುವುದಿಲ್ಲ. ಬೆಳಿಗ್ಗೆ ಸಂಜೆ ನಿಮ್ಮ ತಾಯಿ ಕೈಗೆ ವ್ಯಾಯಾಮ ಮಾಡಿಸುತ್ತಾಳೆ.

ಯಾವುದಾದರೂ ಔಷಧಿಯಿಂದ ಕೆಡುಕಾದರೆ ವರದಿ ಮಾಡಲು ಸರ್ಕಾರದ ಒಂದು ಫಾರಂ ಇದೆ. ಸುಜಯ್ ಡಾಕ್ಟರು ಅದನ್ನು ತುಂಬಿದರು. ಯಾರು ಕೊಟ್ಟರು ಎಂಬ ಜಾಗದಲ್ಲಿ ಪೆನ್ನು ನಿಲ್ಲಿಸಿ ನನ್ನ ಮುಖ ನೋಡಿದರು. ನನ್ನ ಹೆಸರು ಬರೆಯಿರಿ ಅಂದೆ.

ಅದು ಅಮರಯ್ಯನವರಿಗೆ ಗೊತ್ತಾಯಿತು. ಟ್ರಸ್ಟಿನ ಕಾರ್ಯದರ್ಶಿಯಾಗಿ ಅವರಿಗೆ ಛತ್ರದ ಚಿಂತೆ. ನನ್ನನ್ನು ಕೂರಿಸಿಕೊಂಡು, "ದಾನಯ್ಯ, ಆಕಿ ಬದುಕಿ ಬಂದಾಳ. ಇನ್ನ ಕಾಗದಾ ಪತ್ರಾ ಯಾಕ? ನೀ ಡಾಕ್ಟರ್ ಅಲ್ಲ, ಕಾಂಪೌಂಡರ್ ಅಂತ ಸರ್ಟಿಫಿಕೇಟೂ ಇಲ್ಲ. ನಾಳೆ ಯಾರರ ಬಂದು ಕೇಳಿದ್ರ ದವಾಖಾನಿನ ಮುಚ್ಚಬೇಕಾಗ್ತದ" ಅಂದರು.

"ಮುಚ್ಚಲಿ" ಅಂದೆ.

ಅಷ್ಟು ಒರಟಾಗಿ ಅವರೊಡನೆ ಎಂದೂ ಮಾತಾಡಿರಲಿಲ್ಲ. ಮರುದಿನ ಅವರೇ ದವಾಖಾನೆಗೆ ಬೀಗ ಹಾಕಿಸಿದರು. ಓಣಿಯ ಜನ ಬಂದು ಬೀಗ ನೋಡಿ ಹೋಗುತ್ತಾರೆ. ನಾನು ಛತ್ರದ ಕೋಣೆಗಳ ಚಾವಿ ನೋಡಿಕೊಳ್ಳುತ್ತಿದ್ದೇನೆ.

ನಿನ್ನ ಕೆಲಸ ಹೇಗೆ ನಡೆದಿದೆ ಬರೆ.

ದಾನಯ್ಯ


ಕೋಲ್ಕತ್ತಾ
2 ನವೆಂಬರ್ 2024

ಅಪ್ಪಾ,

ಲೇಬಲ್ ಬರೆದವಳು ನಾನು ಅಂತ ನಿಮಗೆ ಗೊತ್ತು. ಜೂನ್ ಕಾಗದದಲ್ಲಿ ನಾನೇ ಬರೆದಿದ್ದೆ. ಆದರೂ ಎರಡು ಕಾಗದದಲ್ಲಿ ನೀವು ಒಂದು ಮಾತೂ ಕೇಳಲಿಲ್ಲ. ಕೇಳಿದ್ದರೆ ಸುಳ್ಳು ಹೇಳ್ತಿದ್ದೆನೇನೋ. ಕೇಳದೆ ಇದ್ದದ್ದಕ್ಕೆ ನಿದ್ದೆ ಬರ್ತಿಲ್ಲ.

ಏಪ್ರಿಲ್‌ನಲ್ಲಿ ದಾದೂ ಅಂಗಡಿಯಲ್ಲಿ ಕೂತು ಪಾಕ ಬರೆದುಕೊಳ್ತಿದ್ದೆ. ಕೆಂಪು ಬೇರಿನ ಸರದಿ ಬಂದಾಗ ಅವರು ನನ್ನ ಪೆನ್ನು ಹಿಡಿದು ನಿಲ್ಲಿಸಿದರು. "ಇದನ್ನ ಮೊದಲು ಬರ್ಕೋ. ರಕ್ತ ತೆಳುವಾಗಿಸೋ ಗುಳಿಗೆ ತಿನ್ನೋರಿಗೆ ಕೊಡಬಾರದು. ಬಸುರಿಯರಿಗೆ ಕೊಡಬಾರದು. ನನ್ನ ಅಂಗಡಿಗೆ ಬಂದರೆ ನಾನು ಕೇಳ್ತೀನಿ. ನಿನ್ನ ಡಬ್ಬಿ ಕೇಳಲ್ಲ" ಅಂದರು.

ಬರೆದೆ, ಅಪ್ಪಾ. ಮೊದಲ ಲೇಬಲ್ಲಿನಲ್ಲಿ ಆ ಸಾಲಿತ್ತು. ಅದಕ್ಕೆ ಆಧಾರವಾಗಿ ನಾಲ್ಕು ಸಂಶೋಧನಾ ಲೇಖನಗಳನ್ನೂ ಫೈಲಿಗೆ ಸೇರಿಸಿದ್ದೆ. ಓಂಕಾರ್ ನೋಡಿ, "ಇದನ್ನ ಹಾಕಿದರೆ ಆಫೀಸರ್ ಕೇಳೋ ಮೊದಲ ಪ್ರಶ್ನೆ, ಔಷಧಿಯ ಬಲ ಏರಿಸೋ ವಸ್ತು ಆಹಾರ ಹೇಗಾಗುತ್ತೆ ಅಂತ. ಫೈಲ್ ಇನ್ನೊಂದು ವರ್ಷ ಕೂರುತ್ತೆ" ಅಂದರು.

"ಗೊತ್ತಿರೋ ಅಪಾಯ ಬರೆಯಲೇಬೇಕು ಅಂತ ನಿಯಮದಲ್ಲೇ ಇದೆ" ಅಂದೆ.

"ಗೊತ್ತಿರೋದು ಅಂದ್ರೆ ಫೈಲಲ್ಲಿ ಇರೋದು. ಫೈಲಲ್ಲಿ ಏನಿರಬೇಕು ಅನ್ನೋದು ನಮಗೆ ಬಿಟ್ಟಿದ್ದು."

ಅವರು ತೆಗೆಯಲಿಲ್ಲ, ಅಪ್ಪಾ. ನೀನೇ ಯೋಚನೆ ಮಾಡು ಅಂತ ಹೇಳಿ ಎದ್ದು ಹೋದರು. ನಾನೇ ಕೂತು ಸಾಲು ಅಳಿಸಿದೆ, ನಾಲ್ಕೂ ಲೇಖನ ತೆಗೆದೆ. ಹೃದಯದ ಕವಾಟ ಹಾಕಿಸಿಕೊಂಡವರು ಎಷ್ಟು ಜನ ಇರ್ತಾರೆ ಅಂದ್ಕೊಂಡೆ. ಬಸವಣ್ಣೆಮ್ಮನ ಎದೆಯ ಗಾಯ ನಾನೇ ನೋಡಿದ್ದೆ. ಆದರೂ ಆಗ ಅವರ ನೆನಪೇ ಬರಲಿಲ್ಲ. ಫೈಲ್ ಪಾಸಾದ ದಿನ ದಾದೂ ಸಿಹಿ ಯಾಕೆ ಮುಟ್ಟಲಿಲ್ಲ ಅಂತ ನನಗೆ ಚೆನ್ನಾಗಿ ಗೊತ್ತಿತ್ತು. ನಿಮಗೆ ಬೇರೆಯೇ ಬರೆದೆ.

ನಿನ್ನೆ ಮೊದಲ ಲೇಬಲ್ಲು, ನಾಲ್ಕು ಲೇಖನ, ನನ್ನ ಮತ್ತು ಓಂಕಾರ್ ನಡುವಿನ ಈಮೇಲುಗಳು, ಎಲ್ಲವನ್ನೂ ಆಹಾರ ಸುರಕ್ಷತೆಯ ಕಚೇರಿಗೆ ಕಳಿಸಿದ್ದೀನಿ. ಸುಜಯ್ ಡಾಕ್ಟರಿಗೂ ಒಂದು ಪ್ರತಿ. ಅಳಿಸಿದ್ದು ನಾನೇ ಅಂತ ಅದರಲ್ಲಿ ಬರೆದಿದ್ದೀನಿ.

ಅಮ್ಮ ಆ ಗುಳಿಗೆ ನಿಲ್ಲಿಸಲಿ.

ಅಕ್ಷರಾ


ಕೋಲ್ಕತ್ತಾ
29 ಡಿಸೆಂಬರ್ 2024

ಅಪ್ಪಾ,

ಎರಡು ತಿಂಗಳಾಯಿತು. ನೀವು ಬರೆಯಲಿಲ್ಲ. ನಾನೂ ಬರೆಯದೆ ಕಾಯೋಣ ಅಂದ್ಕೊಂಡಿದ್ದೆ, ಆದರೆ ನಡೆದದ್ದು ನಿಮಗೆ ತಿಳಿಸಬೇಕು.

ನವೆಂಬರ್ ಮೂರನೇ ವಾರ ಅಧಿಕಾರಿಗಳು ಆಫೀಸಿಗೆ ಬಂದರು. ಅಂಗಡಿಗಳಿಗೆ ಹೋಗಿದ್ದ ಡಬ್ಬಿಗಳನ್ನೆಲ್ಲ ವಾಪಸ್ ತರಿಸೋಕೆ ಆದೇಶ ಆಗಿದೆ. ಬೇರೆ ಊರಿನಿಂದಲೂ ಇಂಥದೇ ಒಂದು ವರದಿ ಬಂದಿತ್ತಂತೆ, ಅಲ್ಲಿಯವರು ಬೇಗ ಗುರುತಿಸಿದ್ದರಿಂದ ಏನೂ ಆಗಲಿಲ್ಲ. ಓಂಕಾರ್ ಮೇಲೂ ನನ್ನ ಮೇಲೂ ವಿಚಾರಣೆ ಇದೆ. ಕೆಲಸ ಬಿಟ್ಟಿದ್ದೀನಿ. ಅವರು ತೆಗೆಯೋ ಮೊದಲೇ ಬಿಟ್ಟೆ ಅಷ್ಟೆ.

ಬರೆಯೋಕೆ ಕಷ್ಟವಾದದ್ದು ಇನ್ನೊಂದು. ಅದೇ ಅಧಿಕಾರಿಗಳು ಲಿಯಾವ್ ದಾದೂ ಅಂಗಡಿಗೂ ಹೋದರು. ಪಾಕ ಅವರದ್ದು ಅಂತ ಫೈಲಿನಲ್ಲಿತ್ತಲ್ಲ. ಡ್ರಾಯರುಗಳಲ್ಲಿರೋದು ಔಷಧಿಯಾದರೆ ಲೈಸೆನ್ಸ್ ಎಲ್ಲಿ, ಆಹಾರವಾದರೆ ಲೇಬಲ್ ಎಲ್ಲಿ ಅಂತ ಕೇಳಿದರು. ಅವರ ಹತ್ತಿರ ಎರಡೂ ಇಲ್ಲ. ಎರಡು ತಲೆಮಾರಿನಿಂದ ಯಾರೂ ಕೇಳಿರಲಿಲ್ಲ. ಅಂಗಡಿಗೆ ಸೀಲ್ ಹಾಕಿದರು. ಬಸವಣ್ಣೆಮ್ಮ ಅಲ್ಲಿಗೆ ಹೋಗಿದ್ದರೆ ದಾದೂ ಕೈ ಹಿಡಿದು ನೋಡಿ ವಾಪಸ್ ಕಳಿಸ್ತಿದ್ದರು. ಎಲ್ಲರ ನಡುವೆ ಸರಿಯಾಗಿ ನಡೆದುಕೊಂಡವರು ಅವರೊಬ್ಬರೇ.

ದಾದೂ ಮನೆಗೆ ಹೋಗಿದ್ದೆ. ಚಹಾ ಕೊಟ್ಟರು, ಹವೆಯ ಬಗ್ಗೆ ಮಾತಾಡಿದರು. ಅಂಗಡಿಯ ಮಾತೇ ಎತ್ತಲಿಲ್ಲ. ಹೊರಡುವಾಗ ಅವರ ಸೊಸೆ ಮೆಟ್ಟಿಲ ತನಕ ಬಂದು, ಇನ್ನು ಬರಬೇಡ ಅಂದರು.

ಇದರ ಜೊತೆ ಬಸವಣ್ಣೆಮ್ಮನಿಗೆ ಒಂದು ಕಾಗದ ಇಟ್ಟಿದ್ದೀನಿ. ಅವರಿಗೆ ಓದೋಕೆ ಬರಲ್ಲ. ನೀವು ಓದಿ ಹೇಳಬೇಕು. ಮೆತ್ತಗೆ ಮಾಡಿ ಹೇಳಬೇಡಿ, ಬರೆದ ಹಾಗೇ ಓದಿ. ನಿಮ್ಮ ಹತ್ತಿರ ಇದೊಂದೇ ಕೇಳೋದು.

ಅಕ್ಷರಾ


ಶಿವಾಲ, ಕಾಶಿ
3 ಫೆಬ್ರವರಿ 2025

ಚಿರಂಜೀವಿ ಅಕ್ಷರಾ,

ನಿನ್ನ ಕಾಗದ ಜನವರಿ ಎಂಟಕ್ಕೆ ಬಂತು. ಒಳಗಿದ್ದ ಕಾಗದವನ್ನು ಮೂರು ವಾರ ಜೇಬಿನಲ್ಲಿಟ್ಟುಕೊಂಡು ತಿರುಗಿದೆ. ಪ್ರಯಾಗದ ಕುಂಭಕ್ಕೆ ಬಂದ ಜನ ಇಲ್ಲಿಗೂ ಬರುತ್ತಿದ್ದಾರೆ, ಛತ್ರದ ಜಗಲಿಯ ಮೇಲೂ ಮಲಗುತ್ತಿದ್ದಾರೆ, ಪುರಸೊತ್ತಿಲ್ಲ ಎಂದು ನನಗೆ ನಾನೇ ಹೇಳಿಕೊಂಡೆ. ಪುರಸೊತ್ತು ಇತ್ತು.

ಬಸವಣ್ಣೆಮ್ಮ ಈಗ ಅಡುಗೆಮನೆಗೆ ಬರುತ್ತಾಳೆ. ಬಲಗೈಯಲ್ಲಿ ಲೋಟ ಹಿಡಿಯುತ್ತಾಳೆ, ರೊಟ್ಟಿ ಬಡಿಯಲಾಗುವುದಿಲ್ಲ. ಎಡಗೈಯಲ್ಲಿ ಒಲೆ ನೋಡಿಕೊಳ್ಳುತ್ತ ಉಳಿದ ಹೆಂಗಸರಿಗೆ ಹೇಳಿ ಮಾಡಿಸುತ್ತಾಳೆ. ಅವರು ಮಾಡಿದ ರೊಟ್ಟಿಯನ್ನು ಬೈಯುತ್ತಾಳೆ. ಮೊನ್ನೆ ಶುಕ್ರವಾರ ಮಧ್ಯಾಹ್ನದ ಪಂಕ್ತಿ ಮುಗಿದ ಮೇಲೆ ಅವಳ ಎದುರು ಮಣೆ ಹಾಕಿಕೊಂಡು ಕುಳಿತು ಓದಿದೆ. ನೀನು ಬರೆದ ಹಾಗೇ ಓದಿದೆ, ಒಂದು ಮಾತನ್ನೂ ಬಿಡಲಿಲ್ಲ.

ಮುಗಿದ ಮೇಲೆ, "ಆ ಚೀನಾದ ಮುದುಕ ಹೇಳಿದ್ದು ಈಕಿಗೆ ತಿಳಿದಿತ್ತೇನ್ರಿ?" ಎಂದು ಕೇಳಿದಳು.

"ತಿಳಿದಿತ್ತು" ಅಂದೆ.

ಬಲಗೈಯ ಬೆರಳುಗಳನ್ನು ಎಡಗೈಯಿಂದ ನೀವಿಕೊಂಡಳು. ಆಮೇಲೆ, "ನಾ ಯಾವ ಗುಳಿಗಿ ತಗೋತೀನಿ ಅಂತ ನಿಮಗೂ ತಿಳಿದಿತ್ತಲ್ರಿ, ದಾನಯ್ಯನವರ? ಪ್ರತಿ ತಿಂಗಳಾ ನೀವ ಕಟ್ಟಿ ಕೊಡ್ತಿದ್ರಿ" ಅಂದಳು.

ಸಿಟ್ಟಿನಿಂದ ಕೇಳಲಿಲ್ಲ, ತಿಳಿಯದೆ ಕೇಳಿದಳು. ಮೂವತ್ತೊಂದು ವರ್ಷ ಡಾಕ್ಟರು ಬರೆಯದ್ದನ್ನು ಕೊಡದವನು, ಮಗಳು ಕಳಿಸಿದ್ದು ಎಂಬ ಅಭಿಮಾನಕ್ಕೆ ಕೊಟ್ಟೆ. ಮಂಗಳವಾರದ ತನಕ ಕಾದು ಸುಜಯ್ ಡಾಕ್ಟರಿಗೆ ಒಂದು ಮಾತು ಕೇಳಬಹುದಿತ್ತು. ಊಟಕ್ಕೆ ಯಾರನ್ನು ಕೇಳುವುದು ಅಂದುಕೊಂಡೆ. ವಸಡಿನಲ್ಲಿ ರಕ್ತ ಬಂತು ಅಂದಾಗಲಾದರೂ ಕೇಳಬೇಕಿತ್ತು.

ನವೆಂಬರಿನಿಂದ ನಾನು ಬರೆಯದೆ ಇದ್ದದ್ದು ನಿನ್ನ ಮೇಲಿನ ಸಿಟ್ಟಿಗೆ ಎಂದು ನೀನು ತಿಳಿದಿರಬೇಕು. ನಾನೂ ಹಾಗೇ ತಿಳಿದಿದ್ದೆ. ಸಿಟ್ಟಿರುವ ತನಕ ನನ್ನ ಪಾಲಿನ ತಪ್ಪಿನ ಕಡೆಗೆ ತಿರುಗಿ ನೋಡುವ ಅಗತ್ಯವಿರಲಿಲ್ಲ. ಫಾರಂನಲ್ಲಿ ಹೆಸರು ಬರೆಸಿದ್ದು ಸುಲಭವಾಗಿತ್ತು. ಅವಳೆದುರು ಕುಳಿತು "ಹೌದು, ನನಗೂ ತಿಳಿದಿತ್ತು" ಅನ್ನುವುದಕ್ಕೆ ಶುಕ್ರವಾರದ ತನಕ ಆಗಿರಲಿಲ್ಲ. ಆ ದಿನ ಅಂದೆ.

ಅವಳು ಸೆರಗಿನಿಂದ ಮುಖ ಒರೆಸಿಕೊಂಡು ಎದ್ದು, ಒಲೆಯ ಕಟ್ಟಿಗೆ ಹಿಂದಕ್ಕೆ ಎಳೆದಳು. ಮಹಾಶಿವರಾತ್ರಿಗೆ ಇದರ ಎರಡು ಪಟ್ಟು ಜನ ಬರುತ್ತಾರೆ, ಈ ಹೆಂಗಸರ ಕೈಯಲ್ಲಿ ಹಿಟ್ಟು ಹದಕ್ಕೆ ಬರುವುದಿಲ್ಲ ಎಂದು ಗೊಣಗಿದಳು. ಆಮೇಲೆ ನನಗೆ ಬೆನ್ನು ಮಾಡಿಕೊಂಡೇ ಹೇಳಿದ್ದನ್ನು ಅವಳ ಮಾತಿನಲ್ಲೇ ಬರೆಯುತ್ತೇನೆ, ಮೆತ್ತಗೆ ಮಾಡಿಲ್ಲ:

"ಆಕಿಗೆ ಬರಾಕ ಹೇಳ್ರಿ. ನನ್ನ ಹೊಟ್ಟ್ಯಾಗಿನ ಸಿಟ್ಟು ಇನ್ನೂ ಹೋಗಿಲ್ಲ, ಹೋಗ್ತದೋ ಇಲ್ಲೋ ಅದು ಬ್ಯಾರೆ ಮಾತು. ಆದ್ರ ನಾ ಹೇಳಿದಂಗ ಹಿಟ್ಟು ನಾದಾಕ ನನಗೊಂದು ಬಲಗೈ ಬೇಕು."

ಹೌರಾದಿಂದ ಬರುವ ಗಾಡಿಗಳೆಲ್ಲ ತುಂಬಿವೆಯಂತೆ. ಸೀಟು ಸಿಗದಿದ್ದರೆ ಮುಘಲ್‌ಸರಾಯ್ ತನಕ ಯಾವುದಾದರೂ ಹಿಡಿದು ಬಾ, ನಾನು ಅಲ್ಲಿಗೆ ಬರುತ್ತೇನೆ. ಇದಕ್ಕೆ ಉತ್ತರ ಬರೆಯುತ್ತ ಕೂರಬೇಡ.

ನಿನ್ನ ಅಪ್ಪ
ದಾನಯ್ಯ